ಸ್ಕ್ವಾಡ್‌ನ ನಾಲ್ಕನೆಯವನು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಹೆಸರು ಹಾಗೂ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಪ್ರಥಮ ಪಿಯುಸಿ ಓದುತ್ತಿದ್ದ ಹದಿನಾರರ ಸುಮಂತನನ್ನು ತಂದೆತಾಯಿ ನನ್ನ ಬಳಿ ಕರೆತಂದದ್ದು ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯಗಳು ಹೋದ ಮೇಲೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲಿನಲ್ಲಿ ಆಟ, ಬೆಳಿಗ್ಗೆ ಎಬ್ಬಿಸಿದರೆ ಸಿಟ್ಟು, ವಾರಕ್ಕೊಂದೆರಡು ದಿನ ಕಾಲೇಜಿಗೆ ಚಕ್ಕರ್. ತಂದೆ ಒಮ್ಮೆ ಫೋನನ್ನು ಕಸಿದು ಅಂಗಡಿಯ ಗಲ್ಲಾದಲ್ಲಿಟ್ಟು ಬೀಗ ಹಾಕಿದಾಗ, ಹುಡುಗ ಎರಡು ಹೊತ್ತು ಊಟ ಬಿಟ್ಟು, ಮೂರನೆಯ ದಿನ ತಾಯಿಯ ಫೋನಿನಲ್ಲಿ ಅದೇ ಆಟವನ್ನು ಇಳಿಸಿಕೊಂಡಿದ್ದ.

‘ಇವನು ಅಡಿಕ್ಟ್ ಆಗಿದ್ದಾನೆ ಮೇಡಂ’ ಎಂದು ತಂದೆ ಮಗನ ಎದುರಿನಲ್ಲೇ ಹೇಳಿದರು. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣವಾದ ಐಸಿಡಿ-11 ಪಟ್ಟಿಯಲ್ಲಿ ಗೇಮಿಂಗ್ ಅಸ್ವಸ್ಥತೆಗೆ ಸ್ಥಾನವಿದೆಯಾದರೂ, ಆಟದ ಮೇಲಿನ ಹಿಡಿತ ತಪ್ಪುವುದು, ಮಿಕ್ಕೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಈ ಮೂರೂ ಸಾಮಾನ್ಯವಾಗಿ 12 ತಿಂಗಳು ಮುಂದುವರಿದಿರಬೇಕು. ಸುಮಂತನದು ಐದಾರು ತಿಂಗಳ ಸಮಸ್ಯೆ; ಖಿನ್ನತೆಯ ಸ್ಪಷ್ಟ ಲಕ್ಷಣಗಳೂ ಇರಲಿಲ್ಲ. ಆ ಹಣೆಪಟ್ಟಿಯನ್ನು ಮನೆಯಲ್ಲಿ ಬಳಸಬೇಡಿ ಎಂದು ಮೊದಲು ಕೇಳಿಕೊಂಡೆ.

ಎಷ್ಟು ಗಂಟೆ ಆಡುತ್ತೀಯ ಎಂದು ಎಲ್ಲರೂ ಅವನನ್ನು ಕೇಳಿಯಾಗಿತ್ತು. ಯಾರ ಜೊತೆ ಆಡುತ್ತೀಯ ಎಂದು ನಾನು ಕೇಳಿದಾಗ ಅವನು ಮೊದಲ ಬಾರಿಗೆ ತಲೆ ಎತ್ತಿ ಮಾತಾಡಿದ. ಎಸ್ಸೆಸ್ಸೆಲ್ಸಿವರೆಗೆ ಹಳ್ಳಿಯ ಒಂದೇ ಶಾಲೆಯಲ್ಲಿ ಕಲಿತ ನಾಲ್ವರಲ್ಲಿ ಒಬ್ಬ ಐಟಿಐಗೆ, ಒಬ್ಬ ಡಿಪ್ಲೊಮಾಕ್ಕೆ, ಇನ್ನೊಬ್ಬ ಬೇರೆ ಜಿಲ್ಲೆಯ ಹಾಸ್ಟೆಲ್ಲಿಗೆ ಹೋಗಿದ್ದರು. ಹಾಸ್ಟೆಲ್ ಹುಡುಗನ ವಾರ್ಡನ್ ಮಲಗಿದ ಮೇಲಷ್ಟೇ, ಎಂದರೆ ಹನ್ನೊಂದರ ನಂತರ, ನಾಲ್ವರೂ ಆಟದಲ್ಲಿ ಒಂದು ‘ಸ್ಕ್ವಾಡ್’ ಆಗಿ, ಅಂದರೆ ನಾಲ್ವರ ತಂಡವಾಗಿ, ಸೇರಲು ಸಾಧ್ಯ. ‘ಮಧ್ಯದಲ್ಲಿ ಬಿಟ್ಟರೆ ಮೂರೇ ಜನ ಉಳೀತಾರೆ ಮೇಡಂ, ಮ್ಯಾಚ್ ಸೋತು ಬೈತಾರೆ’ ಎಂದ. ಪೇಟೆಯ ಕಾಲೇಜಿನಲ್ಲಿ, ಇಂಗ್ಲಿಷ್ ಮಾಧ್ಯಮದಿಂದ ಬಂದವರ ನಡುವೆ, ಅವನಿಗೆ ಊಟದ ಡಬ್ಬಿ ಬಿಚ್ಚಿ ಕೂರಲು ಒಬ್ಬ ಜೊತೆಗಾರನೂ ಇರಲಿಲ್ಲ.

ಮನೆಯ ಸ್ಥಿತಿಯನ್ನು ತಿಳಿಯಲು, ಒಂದು ದಿನದಲ್ಲಿ ಪರಸ್ಪರ ಆಡಿದ ಮಾತುಗಳನ್ನು ಬರೆದು ತರುವಂತೆ ಮೂವರಿಗೂ ಹೇಳಿದೆ. ತಂದೆಯ ಹಾಳೆಯಲ್ಲಿ ಮಗನಿಗೆ ಹೇಳಿದ್ದು ಮೂರೇ ಮಾತು: ‘ಎದ್ದೇಳೋ’, ‘ಓದ್ಕೊ’, ‘ಮೊಬೈಲ್ ಇಡು’. ತಾಯಿಯ ಹಾಳೆ ತುಂಬಿತ್ತು, ಆದರೆ ಅರ್ಧ ಭಾಗ ‘ನಿಮ್ಮಪ್ಪನಿಗೆ ಹೇಳು’ ಎಂದು ಶುರುವಾಗುತ್ತಿತ್ತು. ಅಂಗಡಿಯ ಸಾಲದ ವಿಚಾರವಾಗಿ ಮುನಿಸಿಕೊಂಡ ದಂಪತಿ ಮಗನನ್ನೇ ದೂತನನ್ನಾಗಿ ಮಾಡಿಕೊಂಡಿದ್ದರು. ರಾತ್ರಿ ಹತ್ತಕ್ಕೆ ಅಂಗಡಿ ಮುಚ್ಚಿ ಬರುವ ತಂದೆ ಊಟದ ತಟ್ಟೆಯ ಪಕ್ಕದಲ್ಲೇ ಫೋನಿಟ್ಟು ಆ ದಿನದ ಯುಪಿಐ ಲೆಕ್ಕ ನೋಡುತ್ತಿದ್ದರು. ಇಂಥ ಮನೆಯಲ್ಲಿ ಹುಡುಗ ಇಯರ್‌ಫೋನ್ ಹಾಕಿಕೊಳ್ಳುವುದು ನನಗಂತೂ ವಿಚಿತ್ರವೆನಿಸಲಿಲ್ಲ.

ಸಲಹೆಯಲ್ಲಿ ಹೆಚ್ಚಿನ ಪಾಲು ಹಿರಿಯರಿಗೇ ಹೋಯಿತು. ಗಂಡಹೆಂಡತಿ ತಮ್ಮ ಮಾತನ್ನು ತಾವೇ ಆಡಿಕೊಳ್ಳಬೇಕು, ಅದಕ್ಕಾಗಿ ಬೇಕಾದರೆ ಮಗನಿಲ್ಲದೆ ನನ್ನ ಬಳಿ ಬರಬಹುದು ಎಂದೆ. ಊಟದ ಹೊತ್ತಿನಲ್ಲಿ ತಂದೆಯದೂ ಸೇರಿ ಯಾರ ಫೋನೂ ಹತ್ತಿರವಿರಕೂಡದು. ರಾತ್ರಿ ಮೂರೂ ಫೋನುಗಳು ನಡುಮನೆಯಲ್ಲಿ ಚಾರ್ಜಿಗಿರಬೇಕು. ಫೋನನ್ನು ಕಸಿದುಕೊಳ್ಳಬಾರದು ಎಂದಾಗ ತಂದೆ ಒಪ್ಪದೆ ಬಹಳ ಹೊತ್ತು ವಾದಿಸಿದರು. ಕಸಿದಾಗ ಹೋಗುವುದು ಆಟದ ಜೊತೆಗೆ ಅವನ ಮೂವರು ಗೆಳೆಯರೂ ಎಂದು ವಿವರಿಸಿದ ಮೇಲೆ ‘ನೋಡೋಣ’ ಎಂದರು.

ಸುಮಂತನಿಗೆ ನಾನು ಹೇಳಿದ್ದು ಆ ಗೆಳೆಯರ ಜೊತೆ ತಾನೇ ಮಾತಾಡಿ ಸಮಯ ಬದಲಿಸಿಕೊಳ್ಳಲು. ಹಾಸ್ಟೆಲ್ಲಿನಲ್ಲಿ ಫೋನ್ ಕೊಡುವ ಭಾನುವಾರ ಮಧ್ಯಾಹ್ನ ನಾಲ್ವರೂ ಆಡುವುದು, ಉಳಿದ ದಿನ ಸಂಜೆ ಒಂದು ಗಂಟೆ ಮೀರದೆ ಮೂವರು ಆಡುವುದು ಎಂದು ಅವರೇ ಗೊತ್ತುಮಾಡಿಕೊಂಡರು. ಜೊತೆಗೆ ಕಾಲೇಜಿನ ವಾಲಿಬಾಲ್ ತಂಡಕ್ಕೆ ಸೇರಲು ಒಪ್ಪಿಸಿದೆ. ಹಳ್ಳಿಯ ಶಾಲೆಯಲ್ಲಿ ಅವನು ಒಳ್ಳೆಯ ಆಟಗಾರನಾಗಿದ್ದ.

ಮೊದಲ ಎರಡು ವಾರ ರೇಗಾಟ ಹೆಚ್ಚಿತು, ಇದನ್ನು ಮೊದಲೇ ತಿಳಿಸಿದ್ದರಿಂದ ಪೋಷಕರು ತಾಳಿಕೊಂಡರು. ನಿದ್ದೆ ಸರಿಹೋಯಿತು, ಹಾಜರಾತಿ ಏರಿತು. ವಾರ್ಷಿಕ ಪರೀಕ್ಷೆಯ ನಂತರ ಮತ್ತೆ ಕೆಲವು ದಿನ ರಾತ್ರಿ ಆಟ ಶುರುವಾದಾಗ ತಂದೆ ಬೀಗದ ಮೊರೆಹೋಗದೆ ನನಗೆ ಕರೆ ಮಾಡಿದರು. ದಂಪತಿಯ ಮುನಿಸು ಇನ್ನೂ ಪೂರ್ತಿ ತಿಳಿಯಾಗಿಲ್ಲ, ಅವರ ಭೇಟಿಗಳು ಮುಂದುವರಿದಿವೆ.

ಇಂಥ ಮನೆಗಳವರು ಒಂದನ್ನು ಗಮನಿಸಬೇಕು: ಫೋನ್ ಸಿಗದಾಗ ಮಗು ಸಾಯುವ ಮಾತಾಡಿದರೆ, ತನಗೆ ಅಥವಾ ಇತರರಿಗೆ ಏಟು ಮಾಡಿದರೆ, ಅದನ್ನು ಹಠವೆಂದು ತಳ್ಳಿಹಾಕದೆ ಕೂಡಲೇ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್‌ನಂಥ ತಂತ್ರಜ್ಞಾನದ ಅತಿಬಳಕೆಯ ಸಮಸ್ಯೆಗೆಂದೇ ‘ಷಟ್’ ಎಂಬ ಕ್ಲಿನಿಕ್ 2014ರಲ್ಲಿ ಆರಂಭವಾಗಿದೆ.