ಕಂಟೇನರ್‌ನೊಳಗೆ 127.0.0.1 ಎಂದರೆ ಯಾರ ಮನೆ?

ಪ್ರಶ್ನೆ: 8 ಜಿಬಿ ರ‍್ಯಾಮ್ ಇರುವ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಎಕ್ಸಾಂಪ್ (ವೆಬ್ ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೇ ಸಿಗುವ ತಂತ್ರಾಂಶ) ಬಳಸಿ ಪಿಎಚ್‌ಪಿ ಕೆಲಸ ಮಾಡುತ್ತಿದ್ದೆ. ಈಗ ಡಾಕರ್ ಕಂಪೋಸ್ (ಹಲವು ಕಂಟೇನರ್‌ಗಳನ್ನು ಒಟ್ಟಿಗೆ ನಡೆಸುವ ಸಾಧನ) ಮೂಲಕ ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್ ನಡೆಸುತ್ತಿದ್ದೇನೆ. ಕೋಡ್, ಪಾಸ್‌ವರ್ಡ್ ಎರಡೂ ಹಿಂದಿನವೇ ಆದರೂ ಡೇಟಾಬೇಸ್‌ಗೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬರುತ್ತದೆ. ಪುಟಗಳು ತೆರೆದುಕೊಳ್ಳುವುದೂ ಬಹಳ ನಿಧಾನ. ಏನು ಮಾಡಲಿ?

ಉತ್ತರ: ತಪ್ಪಿರುವುದು ಪಾಸ್‌ವರ್ಡ್ ಅಲ್ಲ, ವಿಳಾಸ. ಎಕ್ಸಾಂಪ್‌ನಲ್ಲಿ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯುತ್ತಿದ್ದುದರಿಂದ 127.0.0.1, ಎಂದರೆ ‘ಇದೇ ಯಂತ್ರ’ ಎಂಬ ವಿಳಾಸ, ಬರೆದರೆ ಸಾಕಾಗುತ್ತಿತ್ತು. ಡಾಕರ್‌ನಲ್ಲಿ ಪ್ರತಿ ಕಂಟೇನರ್‌ಗೂ, ಎಂದರೆ ಪ್ರೋಗ್ರಾಂ ಓಡುವ ಪ್ರತ್ಯೇಕ ಆವರಣಕ್ಕೂ, ತನ್ನದೇ ನೆಟ್‌ವರ್ಕ್ ಇರುವ ಕಾರಣ, ಆ ವಿಳಾಸವನ್ನು ಹುಡುಕಿ ಹೊರಟ ಪಿಎಚ್‌ಪಿ ತನ್ನ ಮನೆಯ ಬಾಗಿಲನ್ನೇ ತಟ್ಟುತ್ತದೆ. ಮೈಎಸ್‌ಕ್ಯೂಎಲ್ ಇರುವುದು ಪಕ್ಕದ ಮನೆಯಲ್ಲಿ. ಕಂಪೋಸ್ ಫೈಲಿನಲ್ಲಿ ಡೇಟಾಬೇಸ್ ಸರ್ವಿಸ್‌ಗೆ ‘ಡಿಬಿ’ ಎಂದು ಹೆಸರಿಟ್ಟಿದ್ದರೆ, ಹೋಸ್ಟ್ ಎಂಬಲ್ಲಿ ಆ ಹೆಸರನ್ನೇ ಬರೆಯಿರಿ. 127.0.0.1 ಬದಲು ‘ಲೋಕಲ್‌ಹೋಸ್ಟ್’ ಎಂದು ಬರೆದು ನೋಡಿದರೆ ದೋಷದ ಮಾತು ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ಬದಲಾಗುತ್ತದೆ. ಪಿಎಚ್‌ಪಿ ಆಗ ನೆಟ್‌ವರ್ಕ್ ಬಿಟ್ಟು, ಒಂದೇ ಯಂತ್ರದ ಪ್ರೋಗ್ರಾಂಗಳು ಮಾತಾಡಿಕೊಳ್ಳಲು ಬಳಸುವ ಸಾಕೆಟ್ ಫೈಲನ್ನು ಹುಡುಕುತ್ತದೆ. ಕಾಣೆಯಾದ ಫೈಲ್ ಯಾವುದೆಂದು ತಲೆ ಕೆಡಿಸಿಕೊಂಡವರು ಹಲವರು.

ವಿಳಾಸ ಸರಿಪಡಿಸಿದ ಮೇಲೂ ಮೊದಲ ಸಲ ಅದೇ ದೋಷ ಬರಬಹುದು. ‘ಡಿಪೆಂಡ್ಸ್ ಆನ್’ ಎಂದಷ್ಟೇ ಬರೆದರೆ ಕಂಪೋಸ್ ಡೇಟಾಬೇಸ್ ಕಂಟೇನರ್ ಶುರುವಾಗುವುದನ್ನು ನೋಡುತ್ತದೆಯೇ ಹೊರತು, ಒಳಗಿನ ಮೈಎಸ್‌ಕ್ಯೂಎಲ್ ಸಿದ್ಧವಾಗುವವರೆಗೆ ಕಾಯುವುದಿಲ್ಲ. ಆದ್ದರಿಂದ ಡೇಟಾಬೇಸ್‌ಗೆ ಹೆಲ್ತ್‌ಚೆಕ್ (ಸಿದ್ಧವಾಗಿದೆಯೇ ಎಂದು ಆಗಾಗ ನೋಡುವ ಪರೀಕ್ಷೆ) ಸೇರಿಸಿ, ‘ಸರ್ವಿಸ್ ಹೆಲ್ದಿ’ ಎಂಬ ಷರತ್ತು ಹಾಕಿ. ಹೆಲ್ತ್‌ಚೆಕ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಅಡ್ಮಿನ್ ಪಿಂಗ್’ ಬಳಸುವಾಗ ಹೋಸ್ಟ್ ಆಗಿ 127.0.0.1 ಕೊಡುವುದೇ ಸರಿ, ಏಕೆಂದರೆ ಆ ಆಜ್ಞೆ ಓಡುವುದು ಡೇಟಾಬೇಸ್‌ನ ಮನೆಯೊಳಗೇ.

ಹಳೆಯ ಎಕ್ಸಾಂಪ್ ಇನ್ನೂ ಓಡುತ್ತಿದ್ದು ವಿಂಡೋಸ್‌ನ 3306ನೇ ಪೋರ್ಟನ್ನು ಹಿಡಿದುಕೊಂಡಿದ್ದರೆ, ಪೋರ್ಟ್ ಸಾಲಿನಲ್ಲಿ ‘3307:3306’ ಎಂದು ಬರೆಯಿರಿ. ವಿಂಡೋಸ್‌ನಿಂದ ಡೇಟಾಬೇಸ್ ನೋಡುವಾಗ 3307, ಪಿಎಚ್‌ಪಿ ಕಂಟೇನರ್‌ಗೆ ಎಂದಿನಂತೆ 3306.

ಇನ್ನು ನಿಧಾನದ ವಿಷಯ. ನಿಮ್ಮ ಕೋಡ್ ಬಹುಶಃ ಸಿ ಡ್ರೈವ್‌ನಲ್ಲಿದೆ. ಡಾಕರ್ ಓಡುವುದು ವಿಂಡೋಸ್‌ನೊಳಗೆ ಲಿನಕ್ಸ್ ನಡೆಸುವ ಡಬ್ಲ್ಯುಎಸ್‌ಎಲ್ 2ರಲ್ಲಿ. ಆ ಲಿನಕ್ಸ್ ಸಿ ಡ್ರೈವ್‌ನ ಒಂದೊಂದು ಫೈಲನ್ನೂ ಗಡಿ ದಾಟಿ ಓದಬೇಕಾಗುವುದರಿಂದ, ವೆಂಡರ್ ಫೋಲ್ಡರ್‌ನಲ್ಲಿ (ಹೊರಗಿನ ಲೈಬ್ರರಿಗಳು ಇರುವಲ್ಲಿ) ಸಾವಿರಾರು ಫೈಲುಗಳಿರುವ ಪ್ರಾಜೆಕ್ಟ್ ತೆವಳುತ್ತದೆ. ಪ್ರಾಜೆಕ್ಟನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಸಾಗಿಸಿ, ಅಲ್ಲಿಂದಲೇ ಕಂಪೋಸ್ ಓಡಿಸಿ. ರ‍್ಯಾಮ್ ಹೆಚ್ಚಿಸುವ ಖರ್ಚಿಗೆ ಮುನ್ನ ಇದನ್ನು ಮಾಡಿ ನೋಡಿ ಎಂಬುದು ನನ್ನ ಸಲಹೆ. ಡಬ್ಲ್ಯುಎಸ್‌ಎಲ್ ತಾನಾಗಿ ಅರ್ಧದಷ್ಟು ಮೆಮೊರಿಯವರೆಗೆ, ಎಂದರೆ ನಿಮ್ಮಲ್ಲಿ ಸುಮಾರು 4 ಜಿಬಿ, ಬಳಸಬಲ್ಲದು; ಬ್ರೌಸರ್ ಉಸಿರುಗಟ್ಟಿದರೆ ‘ಡಾಟ್ ಡಬ್ಲ್ಯುಎಸ್‌ಎಲ್‌ಕಾನ್ಫಿಗ್’ ಫೈಲಿನಲ್ಲಿ 3 ಜಿಬಿಗೆ ಇಳಿಸಿ.

ನೀವು ಕೇಳದಿದ್ದರೂ ಒಂದು ಮಾತು: ಮೈಎಸ್‌ಕ್ಯೂಎಲ್‌ನ ಡೇಟಾ ಫೋಲ್ಡರ್‌ಗೆ ಹೆಸರಿರುವ ವಾಲ್ಯೂಮ್ (ಕಂಟೇನರ್‌ನ ಹೊರಗೆ ಡಾಕರ್ ಕಾಪಾಡುವ ಸಂಗ್ರಹ) ಜೋಡಿಸಿದ್ದರೆ ‘ಕಂಪೋಸ್ ಡೌನ್’ ಆಜ್ಞೆಯಿಂದ ಡೇಟಾ ಅಳಿಯುವುದಿಲ್ಲ. ಅದರ ಮುಂದೆ ‘-ವಿ’ ಸೇರಿಸಿದರೆ ಮಾತ್ರ ಕಂಟೇನರ್ ಜೊತೆಗೆ ಕೋಷ್ಟಕಗಳೂ ಹೋಗುತ್ತವೆ, ಅದೂ ಒಂದು ಮಾತು ಕೇಳದೆ.