ಬೋರ್ಡು ಬರೆಸುವ ಮುಂಚೆ ಒಂದು ಮಾತು, ಡಾಕ್ಟ್ರೇ

(ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕ ಒಂಬತ್ತು ವರ್ಷದಿಂದ ಹಲ್ಲಿನ ಕ್ಲಿನಿಕ್ ನಡೆಸುತ್ತಿರುವ ಓದುಗರೊಬ್ಬರ ಪತ್ರದ ಸಾರ: "ನನ್ನ ಪೇಷೆಂಟುಗಳಲ್ಲಿ ಹೆಚ್ಚಿನವರು ಸಾಫ್ಟ್‌ವೇರ್‌ನವರು. ಹಲ್ಲಿನ ಮುಂದೆ ಅಂಟಿಸುವ ತೆಳು ಹೊದಿಕೆ ವೆನೀರ್, ಹಲ್ಲಿನ ಸಾಲು ನೇರ ಮಾಡುವ ಅಲೈನರ್ ಅಂತ ಬರುತ್ತಿದ್ದವರು ಈಗ 'ಆಮೇಲೆ ನೋಡೋಣ ಮೇಡಂ' ಎನ್ನುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕು ಚೇರ್ ಖಾಲಿ. ಸ್ಕ್ಯಾನರ್ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಜಾಹೀರಾತು ಏಜೆನ್ಸಿಯವರು ಶೇ 50 ರಿಯಾಯಿತಿ, ಶೂನ್ಯ ಬಡ್ಡಿಯ ಕಂತು, ಇನ್‌ಸ್ಟಾಗ್ರಾಂನಲ್ಲಿ ಚಿಕಿತ್ಸೆಗೆ ಮೊದಲು ಮತ್ತು ನಂತರದ ಫೋಟೋ, ಅಪಾರ್ಟ್‌ಮೆಂಟುಗಳಲ್ಲಿ ಉಚಿತ ತಪಾಸಣೆ ಎಂದು ಪಟ್ಟಿ ಕೊಟ್ಟಿದ್ದಾರೆ. ಒಪ್ಪಿಕೊಳ್ಳಲೇ?")

ಡಾಕ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಓದುತ್ತಿದ್ದಂತೆ ನನ್ನ ನಾಲಿಗೆ ತಾನಾಗಿಯೇ ಮೇಲಿನ ಮುಂದಿನ ಹಲ್ಲಿಗೆ ಹೋಯಿತು. ಕೋವಿಡ್ ಸಮಯದಲ್ಲಿ ಪತ್ರಿಕೆಗೆ ಜಾಹೀರಾತೇ ಇರಲಿಲ್ಲ. ಆಗಲೇ ಕೋಡುಬಳೆ ಕಡಿಯಲು ಹೋಗಿ ಅದರ ಮೂಲೆ ಮುರಿದುಕೊಂಡೆ. ಒಂದು ದೊಡ್ಡ ಕ್ಲಿನಿಕ್‌ಗೆ ಹೋದೆ. ಟಿವಿ ಪರದೆಯಲ್ಲಿ ನನ್ನದೇ ಮುಖಕ್ಕೆ ಹೊಸ ಹಲ್ಲು ಕೂರಿಸಿ ತೋರಿಸಿದರು. ನಾಲ್ಕು ವೆನೀರ್ ಬೇಕಂತೆ. "ಒಂದಕ್ಕೇ ಮಾಡಿದರೆ ಮ್ಯಾಚ್ ಆಗಲ್ಲ ಸರ್." ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಮನೆ ಹತ್ತಿರದ ಹಿರಿಯ ಡಾಕ್ಟರೊಬ್ಬರು ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ರಾಳ ಹಚ್ಚಿ ಮುಕ್ಕಾಲು ಗಂಟೆಯಲ್ಲಿ ಮೂಲೆ ಕಟ್ಟಿಕೊಟ್ಟರು. "ಕಾಫಿಗೆ ಬಣ್ಣ ಹಿಡಿಯುತ್ತೆ, ಆಗಾಗ ಪಾಲಿಶ್‌ಗೆ ಬನ್ನಿ" ಎಂದರು. ಆಮೇಲೆ ನನ್ನ ಹೆಂಡತಿ, ಭಾವಮೈದ, ಆಫೀಸಿನ ಅರ್ಧ ಜನ ಎಲ್ಲ ಅಲ್ಲಿಗೇ ಹೋದರು. ಅವರ ಕ್ಲಿನಿಕ್‌ಗೆ ಸರಿಯಾದ ಬೋರ್ಡೂ ಇಲ್ಲ.

ನಾನು ಹೇಳುವುದು ಇಷ್ಟೇ. ಕಷ್ಟಕಾಲದಲ್ಲಿ ದರ ಇಳಿಸಬೇಡಿ, ಕೆಲಸದ ಗಾತ್ರ ಇಳಿಸಿ. ಹತ್ತು ಹಲ್ಲಿನ ವೆನೀರನ್ನು ಅರ್ಧ ಬೆಲೆಗೆ ಕೊಟ್ಟರೆ ಹೋದ ವರ್ಷ ಪೂರ್ತಿ ಬೆಲೆ ಕೊಟ್ಟವರು ಏನಂದುಕೊಳ್ಳುತ್ತಾರೆ? ಈಗ ಬರುವವರಿಗೂ ಅದು ದೊಡ್ಡ ಮೊತ್ತವೇ. ಹಲ್ಲಿನ ಅಂದದ ಖರ್ಚನ್ನು ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ. ಎಲ್ಲ ಜೇಬಿನಿಂದಲೇ.

ಹಾಗಂತ ಆಸೆ ಹೋಗಿಲ್ಲ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ 2ರಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತಲ್ಲ, ಆವತ್ತಿನಿಂದ ನಿಮ್ಮ ರಸ್ತೆಯಲ್ಲಿ ಎಷ್ಟು ಜನ ರೆಸ್ಯೂಮೆ ತಿದ್ದಿಕೊಂಡು ಕೂತಿರಬಹುದು! ಇಂಟರ್‌ವ್ಯೂ ವಿಡಿಯೋ ಕಾಲ್‌ನಲ್ಲಿ, ಮುಖ ಪರದೆ ತುಂಬಾ. ಇವರಿಗೆ ಒಂದು ತಾರೀಕಿದೆ, ಒಂದು ಬಜೆಟ್ ಇದೆ. ಹೊಸ ನಗು ಬೇಕಿಲ್ಲ. ಕಾಫಿ ಕಲೆ ಹೋಗಬೇಕು, ಮುಂದಿನ ಹಲ್ಲುಗಳ ಸಂದು ಮುಚ್ಚಬೇಕು, ಅಷ್ಟೇ. ಹಲ್ಲಿನ ಕಿಟ್ಟ ತೆಗೆಯುವ ಸ್ಕೇಲಿಂಗ್, ಒಂದೆರಡು ಹಲ್ಲಿಗೆ ಕಾಂಪೋಸಿಟ್ ಹಚ್ಚುವ ಬಾಂಡಿಂಗ್, ಮನೆಯಲ್ಲೇ ರಾತ್ರಿ ಟ್ರೇ ಹಾಕಿಕೊಂಡು ಮಾಡುವ ಬ್ಲೀಚಿಂಗ್ ಸಾಕು. ಹಲ್ಲು ಬಿಳಿ ಮಾಡುವ ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್ ಮದ್ದಿನ ಈ ಟ್ರೇ ವಿಧಾನವನ್ನು ಅಮೆರಿಕದ ದಂತವೈದ್ಯರಾದ ಹೇವುಡ್ ಮತ್ತು ಹೇಮನ್ 1989ರಲ್ಲೇ ಪ್ರಕಟಿಸಿದ್ದು. ನಿಮಗೆ ಗೊತ್ತಿರುವುದೇ. ಆದರೆ ನಿಮ್ಮ ದರಪಟ್ಟಿಯಲ್ಲಿ ಅದು ಕೊನೆಯ ಸಾಲಿನಲ್ಲಿರಬಹುದು, ಮೊದಲ ಸಾಲಿನಲ್ಲಿ 'ಸ್ಮೈಲ್ ಮೇಕ್‌ಓವರ್' ಇರಬಹುದು. ತಿರುಗಿಸಿ ಹಾಕಿ. ಹಳೆಯ ಫಿಲ್ಲಿಂಗ್, ಕ್ಯಾಪ್ ಬ್ಲೀಚಿಂಗ್‌ಗೆ ಬಿಳಿಯಾಗುವುದಿಲ್ಲ ಎಂಬುದನ್ನೂ ಅಲ್ಲೇ ಬರೆಯಿರಿ. ಆಮೇಲೆ ಜಗಳ ಬೇಡ.

ವೆನೀರ್ ಕೆಟ್ಟದ್ದು ಅಂತಲ್ಲ. 1928ರ ಸುಮಾರಿಗೆ ಕ್ಯಾಲಿಫೋರ್ನಿಯಾದ ದಂತವೈದ್ಯ ಚಾರ್ಲ್ಸ್ ಪಿಂಕಸ್ ಅವುಗಳನ್ನು ಸಿನಿಮಾ ನಟರಿಗೆ ಶೂಟಿಂಗ್ ಹೊತ್ತಿಗೆ ಮಾತ್ರ ಅಂಟಿಸಿ, ಆಮೇಲೆ ತೆಗೆಯುತ್ತಿದ್ದರು. ಇವತ್ತಿನದು ಹಾಗಲ್ಲ. ಹೆಚ್ಚಿನ ಸಲ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಉಜ್ಜಿಯೇ ಕೂರಿಸಬೇಕು. ಉಜ್ಜಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ನಾಳೆ ಸಂಬಳ ಬರುತ್ತದೋ ಇಲ್ಲವೋ ಎಂದು ಹೆದರಿ ಕೂತವರ ಬಾಯಲ್ಲಿ ತಿರುಗಿ ಬಾರದ ಕೆಲಸ ಯಾಕೆ?

ಇನ್ನೊಂದು ಗುಂಪು ನಿಮ್ಮ ಕಣ್ಣಿಗೇ ಬಿದ್ದಿಲ್ಲ ಅನ್ನಿಸುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಹುಡುಗ ಹುಡುಗಿಯರು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ. ಆ ಸೀಮೆಗಳಲ್ಲಿ ಎಷ್ಟೋ ಬಾವಿಗಳು ಅದನ್ನು ದಾಟಿವೆ. ಹಲ್ಲಿನ ಮೇಲೆ ಕಂದು ಪಟ್ಟೆ. ಬೆಂಗಳೂರಿಗೆ ಬಂದು ಕಾಲ್ ಸೆಂಟರ್, ಶೋರೂಮ್, ಡೆಲಿವರಿ ಅಂತ ಕೆಲಸ ಮಾಡುತ್ತಾರೆ, ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಹುಟ್ಟಿದಾಗಿನಿಂದ ಆರ್ಥಿಕ ಹಿಂಜರಿತದಲ್ಲೇ ಇರುವವರು ಇವರು. ಮೇಲಿನ ತೆಳು ಪದರ ಮಾತ್ರ ತೆಗೆಯುವ ಮೈಕ್ರೋಅಬ್ರೇಷನ್, ಮೇಲೊಂದಿಷ್ಟು ಬ್ಲೀಚಿಂಗ್, ಸಾಧಾರಣ ಕಲೆಗೆ ಇಷ್ಟೇ ಸಾಕಾಗಬಹುದು ಎಂದು ನಿಮ್ಮವರೇ ಹೇಳುತ್ತಾರೆ. ಕುಳಿ ಬಿದ್ದಿದ್ದರೆ ಬೇರೆ ಮಾತು. ಆದರೆ ನಿಮ್ಮ ಗಾಜಿನ ಬಾಗಿಲು, ಇಂಗ್ಲಿಷ್ ಬೋರ್ಡು ನೋಡಿ 'ಇದು ನಮಗಲ್ಲ' ಎಂದು ಅವರು ಮುಂದೆ ಹೋಗುತ್ತಾರೆ. ಕನ್ನಡದಲ್ಲಿ ದರಪಟ್ಟಿ ಹಾಕಿ ನೋಡಿ. ಮುಚ್ಚುಮರೆ ಏನೂ ಬೇಡ, ದರ ತಿಳಿಸಬೇಕು ಎಂಬುದು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ.

ಈಗ ಏಜೆನ್ಸಿಯವರ ಪಟ್ಟಿಗೆ ಬರೋಣ. ದಂತವೈದ್ಯರ ನೀತಿಸಂಹಿತೆ, 2014ರಲ್ಲಿ ತಿದ್ದಿದ್ದು, ನೀವು ಒಮ್ಮೆ ತೆಗೆದು ಓದಿ. ಪೇಷೆಂಟುಗಳನ್ನು ಸೆಳೆಯಲು ಜಾಹೀರಾತು ಕೊಡುವುದನ್ನು ಅದು ತಪ್ಪೆನ್ನುತ್ತದೆ. ಕ್ಲಿನಿಕ್ ಶುರು ಮಾಡಿದ್ದು, ವಿಳಾಸ ಬದಲಾದದ್ದು, ದರ, ಇಂಥವನ್ನು ತಿಳಿಸಬಹುದು. ಅಕ್ಕಪಕ್ಕದ ಕ್ಲಿನಿಕ್‌ಗಳೆಲ್ಲ ರೀಲ್ಸ್ ಹಾಕುತ್ತಿವೆ, ನಿಜ. ನಾಳೆ ದೂರು ಬಂದರೆ ನೋಟಿಸ್ ಬರುವುದು ನಿಮ್ಮ ರಿಜಿಸ್ಟ್ರೇಷನ್ನಿಗೆ, ಏಜೆನ್ಸಿಗಲ್ಲ.

ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿತ್ತು. ಬಡ್ಡಿ ಎಲ್ಲೋ ಒಂದು ಕಡೆ ಸೇರಿಯೇ ಇರುತ್ತದೆ. ಅಮೆರಿಕದ ಸ್ಮೈಲ್ ಡೈರೆಕ್ಟ್ ಕ್ಲಬ್ ಕಥೆ ನಿಮಗೆ ಗೊತ್ತಿರಬೇಕು. ಅಲೈನರ್‌ಗಳನ್ನು ಅಂಚೆಯಲ್ಲಿ ಕಳಿಸಿ, ಕಂತಿನಲ್ಲಿ ದುಡ್ಡು ಪಡೆಯುತ್ತಿದ್ದ ಕಂಪನಿ. 2023ರ ಸೆಪ್ಟೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಡಿಸೆಂಬರ್‌ನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆ ಅರ್ಧಕ್ಕೇ ನಿಂತವರಿಗೂ 'ಕಂತು ಕಟ್ಟುತ್ತಿರಿ' ಎಂದಿತು. ಕಂತು ಬೇಕೇ ಬೇಕು ಅಂದರೆ ಸಾಲದ ಕಂಪನಿ ಬೇಡ. ಇವತ್ತು ಎರಡು ಹಲ್ಲು, ಮೂರು ತಿಂಗಳಿಗೆ ಇನ್ನೆರಡು. ಮಾಡಿದ ಕೆಲಸಕ್ಕೆ ಅಂದೇ ದುಡ್ಡು.

ಇನ್ನು ಉಚಿತ ತಪಾಸಣೆ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಇಲ್ಲಿ ಎಮ್ಮೆ ಕೊಟ್ಟವರೇ ನಮ್ಮ ಹಲ್ಲು ಎಣಿಸುತ್ತಾರೆ! ಜನಕ್ಕೆ ಅದು ಗೊತ್ತಾಗಿದೆ. ಬಿಟ್ಟುಬಿಡಿ.

ಜಾಹೀರಾತಿಗೆ ಹಾಕಬೇಕಿದ್ದ ದುಡ್ಡು ಉಳಿಯಿತಲ್ಲ, ಅದನ್ನು ಸ್ಕ್ಯಾನರ್ ಕಂತಿಗೆ ಕಟ್ಟಿ. ಬ್ಯಾಂಕಿಗೂ ಹೋಗಿ ಸಾಲದ ಅವಧಿ ಹಿಗ್ಗಿಸಲು ಕೇಳಿ, ಕಂತು ತಪ್ಪುವ ಮೊದಲೇ ಕೇಳಿ. ಮಧ್ಯಾಹ್ನ ಎರಡರಿಂದ ನಾಲ್ಕರ ಆ ಖಾಲಿ ಹೊತ್ತಿನಲ್ಲಿ ಹಳೆಯ ಫೈಲು ತೆಗೆಯಿರಿ. ಎರಡು ವರ್ಷದಿಂದ ಬಾರದವರಿಗೆ ನೀವೇ ಫೋನ್ ಮಾಡಿ. ರಿಸೆಪ್ಷನ್ ಹುಡುಗಿಯ ಕೈಲಿ ಮಾಡಿಸಬೇಡಿ, ಆಫರ್ ಹೇಳಬೇಡಿ. "ಆವತ್ತು ಕಟ್ಟಿದ ಹಲ್ಲು ಹೇಗಿದೆ?" ಎಂದು ಕೇಳಿ. ಕೆಲಸ ಹೋಯಿತು ಮೇಡಂ ಎಂದು ಅವರೇ ಹೇಳಿದರೆ, ಹಲ್ಲಿನ ಮಾತು ಅಲ್ಲಿಗೇ ಬಿಟ್ಟು ಅವರು ಹೇಳಿಕೊಳ್ಳುವುದನ್ನು ಕೇಳಿಸಿಕೊಳ್ಳಿ.

– ಸಂಪಾದಕ