ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಮೂಲಕ ಕಣ್ಣೂರಿಗೆ ಹೋಗುವ ರಸ್ತೆ ಹೇಗಿದೆ? ಮಳೆಗಾಲದಲ್ಲಿ ಪದೇ ಪದೇ ಬಂದ್ ಆಗುವುದೇಕೆ?

ವಿರಾಜಪೇಟೆ ಬಿಟ್ಟರೆ ಪೆರುಂಬಾಡಿ, ಅಲ್ಲಿಂದ ಕಾಡಿನೊಳಗೆ ಇಳಿಜಾರು, ಮಾಕುಟ್ಟ, ಗಡಿಯಲ್ಲಿ ಕೂಟುಪುಳ ಹೊಳೆ. ಸೇತುವೆ ದಾಟಿದರೆ ಕೇರಳದ ಇರಿಟ್ಟಿ. ಮುಂದೆ ಕಣ್ಣೂರಿಗೂ ತಲಶ್ಶೇರಿಗೂ ದಾರಿ ಇದೆ. ಕೊಡಗಿನ ಕಾಫಿ, ಕರಿಮೆಣಸು ತಲಶ್ಶೇರಿ ಬಂದರಿಗೆ ಇಳಿಯುತ್ತಿದ್ದುದು ಹೆಚ್ಚಾಗಿ ಈ ಕಡೆಯಿಂದಲೇ. ಗಡಿಯ ಹಳೆಯ ಕಿರಿದಾದ ಸೇತುವೆ ಬ್ರಿಟಿಷರ ಕಾಲದ್ದು. ಅದರ ಪಕ್ಕದ ಹೊಸ ಸೇತುವೆ ಸಂಚಾರಕ್ಕೆ ತೆರೆದದ್ದು 2022ರಲ್ಲಿ. ಕಾಮಗಾರಿ ನಡುವೆ ಅರಣ್ಯ ಗಡಿಯ ತಕರಾರಿನಿಂದ ವರ್ಷಗಟ್ಟಲೆ ನಿಂತಿತ್ತು.

ಇನ್ನು ಬಂದ್ ಆಗುವ ವಿಷಯ. ವಿರಾಜಪೇಟೆ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಸ್ತೆ ಗುಡ್ಡದ ಮಗ್ಗುಲು ಕಡಿದು ಇಳಿಯುತ್ತದೆ. ಒಳಬದಿಯ ಚರಂಡಿ ಎಲೆ, ಕಲ್ಲುಮಣ್ಣಿನಿಂದ ಕಟ್ಟಿಕೊಂಡರೆ ನೀರು ಡಾಂಬರಿನ ಮೇಲೆ ಹರಿದು ಹೊರ ಅಂಚನ್ನು ಕೊರೆಯುತ್ತದೆ. ಮೇಲಿನ ಬರೆಯ (ಕಡಿದ ಗುಡ್ಡದ ಗೋಡೆಯ) ಮಣ್ಣು ನೀರು ಕುಡಿದು ಭಾರವಾಗಿ, ಮರ ಸಮೇತ ಜಾರುತ್ತದೆ. 2018ರ ಜೂನ್‌ನಲ್ಲಿ ಹಲವು ಕಡೆ ಹೀಗೆಯೇ ಕುಸಿದು ಸಂಚಾರ ನಿಂತಿತ್ತು. ಆದ್ದರಿಂದಲೇ ಮಳೆಗಾಲದಲ್ಲಿ ಜಿಲ್ಲಾಡಳಿತ ಮೊದಲು ತಡೆಯುವುದು ಭಾರೀ ಲಾರಿಗಳನ್ನು.

ಹೊರಡುವ ಮುನ್ನ ವಿರಾಜಪೇಟೆಯಲ್ಲೇ ಪೆಟ್ರೋಲ್ ಹಾಕಿಸಿಕೊಳ್ಳಿ; ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ. ಇಳಿಯುವಾಗ ಎರಡನೇ ಗೇರ್ ಸಾಕು, ಬ್ರೇಕನ್ನೇ ಒತ್ತಿಕೊಂಡು ಹೋದರೆ ಅದು ಕಾದು ಹಿಡಿತ ತಪ್ಪುತ್ತದೆ. ಕತ್ತಲಾದ ಮೇಲೆ ಆನೆಗಳ ಭಯ ಬೇರೆ. ರಸ್ತೆ ಮುಚ್ಚಿದ್ದರೆ ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಸುತ್ತಿ ಹೋಗಬೇಕು, ಸುತ್ತು ಸಣ್ಣದಲ್ಲ.